ಡಿಜಿಟಲ್ ಕ್ಯಾಮೆರಾದಿಂದ ಮನೆಯ ಕಂಪ್ಯೂಟರಿಗೆ ಛಾಯಾಚಿತ್ರ ವರ್ಗಾವಣೆ: ಭಟ್ಕಳ, ಹೊನ್ನಾವರ, ಕುಮಟಾ

ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿರುವ ಚಿತ್ರಗಳನ್ನು ಕಂಪ್ಯೂಟರಿಗೆ ನಕಲಿಸಿ, ನಕಲು ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು, ಬೇಕೆಂದಾಗ ಸಿಗುವಂತೆ ಜೋಡಿಸಿ, ಬೇರೊಂದು ಕಡೆ ಇನ್ನೊಂದು ಪ್ರತಿ ಇಡುವ ಕೆಲಸಕ್ಕೆ ಛಾಯಾಚಿತ್ರ ವರ್ಗಾವಣೆ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ‘ಫೋಟೊ ಇಳಿಸುವುದು’ ಅಥವಾ ‘ಕಾರ್ಡ್ ಖಾಲಿ ಮಾಡುವುದು’. ಕೇಬಲ್ ಸಿಕ್ಕಿಸಿ ನಕಲಿಸುವುದು ಇದರ ಮೊದಲ ಹಂತ ಮಾತ್ರ. ಕಾರ್ಡು ಮತ್ತೆ ಮತ್ತೆ ಅಳಿಸಿ ಬಳಸುವ ವಸ್ತುವಾದ್ದರಿಂದ, ನಕಲಿಸಿದ ಮೇಲೆ ಕಾರ್ಡನ್ನು ಅಳಿಸುವವರೆಗಿನ ಅವಧಿಯಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆಯೇ ಚಿತ್ರಗಳ ಉಳಿವು ನಿಂತಿದೆ. ಉತ್ತರ ಕನ್ನಡದ ದಕ್ಷಿಣ ಕರಾವಳಿಯ ಮೂರು ತಾಲೂಕುಗಳಲ್ಲಿ ಈ ಕೆಲಸಕ್ಕೆ ಮಳೆ, ಉಪ್ಪುಗಾಳಿ, ಕೊಲ್ಲಿ ದೇಶಗಳ ನಂಟು ಮತ್ತು ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಗಳಿಂದ ಕೆಲವು ವಿಶೇಷ ತೊಡಕುಗಳು ಬಂದಿವೆ.

ಪ್ರದೇಶ ಮತ್ತು ಸಂದರ್ಭ

ರಾಷ್ಟ್ರೀಯ ಹೆದ್ದಾರಿ 66 ಹಾಗೂ ಕೊಂಕಣ ರೈಲು ಮಾರ್ಗದ ಉದ್ದಕ್ಕೆ ದಕ್ಷಿಣದಿಂದ ಉತ್ತರಕ್ಕೆ ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳಿವೆ. ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಇಷ್ಟರೊಳಗೆ ಕ್ಯಾಮೆರಾಕ್ಕೆ ಬೇಕಾದ್ದೆಲ್ಲ ಇದೆ. ಭಟ್ಕಳ ತಾಲೂಕಿನ ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ವಿಗ್ರಹ ಮತ್ತು 2008ರಲ್ಲಿ ಉದ್ಘಾಟನೆಗೊಂಡ 20 ಅಂತಸ್ತಿನ ರಾಜಗೋಪುರ, ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪ. ಹೊನ್ನಾವರದಲ್ಲಿ ಶರಾವತಿಯ ಅಳಿವೆ, ಇಡಗುಂಜಿಯ ಗಣಪತಿ ದೇವಸ್ಥಾನ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಇಕೋ ಬೀಚ್. ಕುಮಟಾ ತಾಲೂಕಿನಲ್ಲಿ ಗೋಕರ್ಣ, ಮಿರ್ಜಾನ ಕೋಟೆ, ಯಾಣದ ಶಿಲಾಶಿಖರಗಳು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆ.

ಮನೆಮನೆಯ ಚಿತ್ರಸಂಗ್ರಹವನ್ನು ಮುಖ್ಯವಾಗಿ ಮೂರು ಬಗೆಯ ಸಂದರ್ಭಗಳು ರೂಪಿಸಿವೆ. ಮೊದಲನೆಯದು ಭಟ್ಕಳದ ನವಾಯತ ಸಮುದಾಯದ ಮನೆಗಳೂ ಸೇರಿದಂತೆ ಅನೇಕ ಕುಟುಂಬಗಳ ಕೊಲ್ಲಿ ದೇಶಗಳ ಸಂಬಂಧ. ಮನೆಯ ಒಬ್ಬಿಬ್ಬರು ದುಬೈಯಲ್ಲೋ ಸೌದಿಯಲ್ಲೋ ದುಡಿಯುತ್ತಿರುವಾಗ ಮದುವೆ, ಹಬ್ಬ, ಮಗುವಿನ ಮೊದಲ ಹೆಜ್ಜೆ ಎಲ್ಲವೂ ಚಿತ್ರವಾಗಿ ಅಲ್ಲಿಗೆ ಹೋಗಬೇಕು. ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಕ್ಯಾಮೆರಾವೂ ಇತ್ತ ಬರಬೇಕು. ಎರಡನೆಯದು ಯಕ್ಷಗಾನ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಹೊನ್ನಾವರ ತಾಲೂಕಿನದು. ಮಂದ ಬೆಳಕಿನಲ್ಲಿ ಕುಣಿಯುವ ವೇಷ ಸ್ಪಷ್ಟವಾಗಿ ಸಿಗಬೇಕಾದರೆ ಒಂದು ಭಂಗಿಗೆ ಹತ್ತಾರು ಬಾರಿ ಗುಂಡಿ ಒತ್ತಬೇಕಾಗುತ್ತದೆ. ಮೂರನೆಯದು ಪ್ರವಾಸ, ಜಾತ್ರೆ ಮತ್ತು ಪಕ್ಷಿವೀಕ್ಷಣೆ.

ತಾಂತ್ರಿಕ ಹಿನ್ನೆಲೆ

ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಸಿಡಿ ಸಂವೇದಕವನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಇದಕ್ಕಾಗಿ ಅವರಿಗೆ 2009ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಮಾದರಿ ಕ್ಯಾಮೆರಾ 10,000 ಬಿಂದುಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ತೆಗೆದ ಚಿತ್ರವನ್ನು ನೋಡಲು ಆ ಟೇಪನ್ನು ಬೇರೊಂದು ಯಂತ್ರಕ್ಕೆ ಹಾಕಿ ಟೀವಿ ಪರದೆಗೆ ತರಬೇಕಿತ್ತು. ಅಂದರೆ ವರ್ಗಾವಣೆಯ ಪ್ರಶ್ನೆ ಡಿಜಿಟಲ್ ಕ್ಯಾಮೆರಾದ ಜೊತೆಯಲ್ಲೇ ಹುಟ್ಟಿತು.

1990ರ ದಶಕದ ಕ್ಯಾಮೆರಾಗಳು ಸೀರಿಯಲ್ ಕೇಬಲ್ ಮೂಲಕ ನಿಧಾನವಾಗಿ ಚಿತ್ರ ಕಳಿಸುತ್ತಿದ್ದವು. 1997ರಲ್ಲಿ ಬಂದ ಸೋನಿ ಡಿಜಿಟಲ್ ಮಾವಿಕಾ ಕೇಬಲಿನ ಗೊಡವೆಯನ್ನೇ ಬಿಟ್ಟು 1.44 ಎಂಬಿಯ ಸಾಮಾನ್ಯ ಫ್ಲಾಪಿಗೆ ಚಿತ್ರ ಬರೆಯಿತು. ಫ್ಲಾಪಿ ತೆಗೆದು ಕಂಪ್ಯೂಟರಿಗೆ ಹಾಕಿದರೆ ಮುಗಿಯಿತು. ಚಿತ್ರದ ಗಾತ್ರ ಬೆಳೆದಂತೆ ಫ್ಲಾಪಿ ಸಾಲದಾಯಿತು. ಮೆಮೊರಿ ಕಾರ್ಡುಗಳ ಸಾಲಿನಲ್ಲಿ 1994ರಲ್ಲೇ ಕಾಂಪ್ಯಾಕ್ಟ್‌ಫ್ಲ್ಯಾಶ್, 1998ರಲ್ಲಿ ಸೋನಿಯ ಮೆಮೊರಿ ಸ್ಟಿಕ್, 1999ರಲ್ಲಿ ಎಸ್‌ಡಿ ಕಾರ್ಡ್, 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಕಂಪನಿಗಳ ಎಕ್ಸ್‌ಡಿ ಕಾರ್ಡ್ ಬಂದವು. ಕೊನೆಗೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿ ಉಳಿದುಕೊಂಡದ್ದು ಎಸ್‌ಡಿ.

ಸ್ಥಳೀಯವಾಗಿ ಈ ಬದಲಾವಣೆಯ ಮೊದಲ ಪರಿಣಾಮ ಕಂಡದ್ದು ಸ್ಟುಡಿಯೊಗಳಲ್ಲಿ. 36 ಚಿತ್ರಗಳ ರೀಲು ಮುಗಿದ ಮೇಲೆ ದೊಡ್ಡ ಊರಿನ ಕಲರ್ ಲ್ಯಾಬಿಗೆ ಕಳಿಸಿ, ಪ್ರಿಂಟ್ ಬರುವವರೆಗೆ ಕಾಯುವ ಕಾಲ ಹೋಯಿತು. ಮದುವೆ ಆಲ್ಬಮ್ಮಿನ ಜೊತೆ ಸಿಡಿ, ಆಮೇಲೆ ಡಿವಿಡಿ, ಅದಾದ ಮೇಲೆ ಪೆನ್‌ಡ್ರೈವ್ ಕೊಡುವ ರೂಢಿ ಬಂತು. ಮನೆಗೆ ಕಂಪ್ಯೂಟರ್ ಬಂದ ಮೇಲೆ ನೆಗೆಟಿವ್ ಕಾಯ್ದಿಡುವ ಹೊಣೆಯೂ ಸ್ಟುಡಿಯೊದಿಂದ ಮನೆಗೆ ದಾಟಿತು.

ಕಾರ್ಡಿನೊಳಗಿನ ವ್ಯವಸ್ಥೆ

ಯಾವ ಕಂಪನಿಯ ಕ್ಯಾಮೆರಾ ಆದರೂ ಕಾರ್ಡ್ ತೆರೆದರೆ ‘ಡಿಸಿಐಎಂ’ ಎಂಬ ಫೋಲ್ಡರ್ ಕಾಣುತ್ತದೆ. ಇದು 1998ರಲ್ಲಿ ಜಪಾನಿನ ಉದ್ಯಮ ಸಂಘಟನೆಗಳು ಮಾಡಿಕೊಂಡ ‘ಡಿಸಿಎಫ್’ ಒಪ್ಪಂದದ ಫಲ. ಅದರೊಳಗೆ 100ರಿಂದ 999ರವರೆಗಿನ ಮೂರಂಕಿಯಿಂದ ಶುರುವಾಗುವ ಉಪಫೋಲ್ಡರುಗಳು, ಅವುಗಳಲ್ಲಿ ನಾಲ್ಕು ಅಕ್ಷರ ಮತ್ತು ನಾಲ್ಕು ಅಂಕಿಯ ಕಡತಗಳು ಇರುತ್ತವೆ: ಕ್ಯಾನನ್ ಆದರೆ ಐಎಂಜಿ_0001, ನಿಕಾನ್ ಆದರೆ ಡಿಎಸ್‌ಸಿ_0001. ಹೆಸರು ಅಡಿಗೆರೆಯಿಂದಲೇ ಆರಂಭವಾದರೆ ಆ ಚಿತ್ರವನ್ನು ಅಡೋಬಿ ಆರ್‌ಜಿಬಿ ಎಂಬ ವಿಸ್ತೃತ ಬಣ್ಣವ್ಯಾಪ್ತಿಯಲ್ಲಿ ತೆಗೆಯಲಾಗಿದೆ ಎಂದರ್ಥ.

ಅಂಕಿ 9999 ಮುಟ್ಟಿದ ಮೇಲೆ ಎಣಿಕೆ ಮತ್ತೆ 0001ರಿಂದ ಶುರು. ಕೆಲವು ಕ್ಯಾಮೆರಾಗಳು ಕಾರ್ಡ್ ಅಳಿಸಿದ ಪ್ರತಿ ಬಾರಿಯೂ 0001ಕ್ಕೆ ಮರಳುತ್ತವೆ. ಹಾಗಾಗಿ ಹೋದ ವರ್ಷದ ಐಎಂಜಿ_0001 ಇರುವ ಫೋಲ್ಡರಿಗೇ ಈ ವರ್ಷದ್ದನ್ನೂ ಸುರಿದರೆ, ಹಳೆಯ ಕಡತವನ್ನು ಬದಲಿಸಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ. ಅವಸರದಲ್ಲಿ ಹೌದು ಎಂದರೆ ಹಳೆಯ ಚಿತ್ರ ಹೋದಂತೆಯೇ. ಪ್ರತಿ ವರ್ಗಾವಣೆಗೂ ಹೊಸ ಫೋಲ್ಡರ್ ತೆರೆಯಬೇಕೆಂಬ ನಿಯಮಕ್ಕೆ ಇದೇ ಮುಖ್ಯ ಕಾರಣ.

ಚಿತ್ರದ ಕಡತ ಸಾಮಾನ್ಯವಾಗಿ 1992ರಲ್ಲಿ ರೂಪುಗೊಂಡ ಜೆಪೆಗ್ ಸ್ವರೂಪದ್ದು. ಅದರೊಳಗೆ 1995ರಲ್ಲಿ ಬಂದ ‘ಎಕ್ಸಿಫ್’ ಮಾಹಿತಿ ಅಡಕವಾಗಿರುತ್ತದೆ: ಕ್ಯಾಮೆರಾದ ಮಾದರಿ, ಬೆಳಕಿಂಡಿಯ ಅಳತೆ, ತೆಗೆದ ದಿನ ಮತ್ತು ಹೊತ್ತು, ಕ್ಯಾಮೆರಾ ಅಡ್ಡವಾಗಿತ್ತೇ ನಿಂತಿತ್ತೇ ಎಂಬುದು. ಮುರ್ಡೇಶ್ವರದ ಗೋಪುರ ಪೂರ್ತಿ ಬರಬೇಕೆಂದರೆ ಎಲ್ಲರೂ ಕ್ಯಾಮೆರಾವನ್ನು ನಿಲ್ಲಿಸಿಯೇ ಹಿಡಿಯುತ್ತಾರೆ. ಹಳೆಯ ಅನೇಕ ಚಿತ್ರವೀಕ್ಷಕಗಳು ಈ ಮಾಹಿತಿಯನ್ನು ಓದುತ್ತಿರಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ನೆಟ್ಟಗೆ ನಿಂತಿದ್ದ ಗೋಪುರ ಕಂಪ್ಯೂಟರಿನಲ್ಲಿ ಮಗ್ಗುಲಾಗಿ ಮಲಗುತ್ತಿತ್ತು. ಅದನ್ನು ತಿರುಗಿಸಿ ಉಳಿಸುವಾಗ ಕೆಲವು ತಂತ್ರಾಂಶಗಳು ಜೆಪೆಗನ್ನು ಮತ್ತೊಮ್ಮೆ ಕುಗ್ಗಿಸಿ ಗುಣಮಟ್ಟವನ್ನೂ ಸ್ವಲ್ಪ ಕಳೆಯುತ್ತಿದ್ದವು. ಬರೀ ನಕಲಿಸಿದರೆ ಗುಣಮಟ್ಟ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಎಷ್ಟನೇ ಪ್ರತಿಯಾದರೂ ಮೂಲದಷ್ಟೇ ಶುದ್ಧ.

ಪಕ್ಷಿ ಮತ್ತು ರಂಗದ ಚಿತ್ರ ತೆಗೆಯುವವರು ಸಂವೇದಕದ ಮೂಲ ದತ್ತವನ್ನು ಹಾಗೆಯೇ ಇಡುವ ‘ರಾ’ ಸ್ವರೂಪವನ್ನು ಬಳಸುತ್ತಾರೆ. ಜೆಪೆಗಿಗಿಂತ ಇದರ ಗಾತ್ರ ಹಲವು ಪಟ್ಟು ದೊಡ್ಡದು. ಕಂಪನಿಗೊಂದು ಸ್ವರೂಪ ಇರುವುದರಿಂದ ಇದನ್ನು ತೆರೆಯಲು ತಕ್ಕ ತಂತ್ರಾಂಶವೂ ಬೇಕು.

ವರ್ಗಾವಣೆಯ ಮಾರ್ಗಗಳು

ಯುಎಸ್‌ಬಿ ಕೇಬಲ್: ಕ್ಯಾಮೆರಾವನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸುವ ವಿಧಾನ. ಇದರಲ್ಲಿ ಎರಡು ಬಗೆ. ‘ಮಾಸ್ ಸ್ಟೋರೇಜ್’ ಬಗೆಯಲ್ಲಿ ಕ್ಯಾಮೆರಾ ಪೆನ್‌ಡ್ರೈವಿನಂತೆ ಒಂದು ಡ್ರೈವ್ ಆಗಿ ಕಾಣುತ್ತದೆ. 2000ದ ಸುಮಾರಿಗೆ ರೂಪುಗೊಂಡ ‘ಪಿಟಿಪಿ’ ಬಗೆಯಲ್ಲಿ ಡ್ರೈವಿನ ಅಕ್ಷರ ಬರುವುದಿಲ್ಲ. ಕ್ಯಾಮೆರಾವೇ ಚಿತ್ರಗಳನ್ನು ಒಂದೊಂದಾಗಿ ಒಪ್ಪಿಸುತ್ತದೆ. ವಿಂಡೋಸ್ 98 ಇದ್ದ ಕಂಪ್ಯೂಟರಿಗೆ ಕ್ಯಾಮೆರಾದ ಜೊತೆ ಬಂದ ಸಿಡಿಯಿಂದ ಡ್ರೈವರ್ ಹಾಕಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಕೇಬಲ್ ಸಿಕ್ಕಿಸಿದೊಡನೆ ‘ಚಿತ್ರಗಳನ್ನು ನಕಲಿಸಲೇ’ ಎಂದು ಕೇಳುವ ಕಿಟಕಿ ತಾನಾಗಿ ತೆರೆಯತೊಡಗಿತು. ಈ ಮಾರ್ಗದ ದೋಷಗಳು ಎರಡು. ವರ್ಗಾವಣೆ ಮುಗಿಯುವವರೆಗೆ ಕ್ಯಾಮೆರಾದ ಬ್ಯಾಟರಿ ಉರಿಯುತ್ತಿರಬೇಕು. ಹಳೆಯ ಕ್ಯಾಮೆರಾಗಳ ಕೇಬಲ್ ತುದಿ ಕಂಪನಿಗೊಂದು ನಮೂನೆಯದಾಗಿದ್ದರಿಂದ, ಅದೊಂದು ಕಳೆದುಹೋದರೆ ಬದಲಿ ಸಿಗುವುದು ಕಷ್ಟ.

ಕಾರ್ಡ್ ರೀಡರ್: ಕಾರ್ಡನ್ನು ಹೊರತೆಗೆದು ರೀಡರಿನಲ್ಲಿ ಅಥವಾ ಲ್ಯಾಪ್‌ಟಾಪಿನ ಸೀಳಿನಲ್ಲಿ ಹಾಕುವ ವಿಧಾನ. ಬ್ಯಾಟರಿಯ ಚಿಂತೆಯಿಲ್ಲ, ವೇಗವೂ ಹೆಚ್ಚು. ಅಳಿದ ಚಿತ್ರ ಮರಳಿ ಪಡೆಯಬೇಕಾದರೆ ಇದೇ ದಾರಿ. ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಉಗುರಿನ ತುದಿಯಷ್ಟು ದೊಡ್ಡ ಜಾರುಗುಂಡಿ ಇರುತ್ತದೆ. ಅದನ್ನು ಕೆಳಕ್ಕೆ ಜಾರಿಸಿದರೆ ಕಾರ್ಡಿಗೆ ಬರೆಯಲೂ ಅಳಿಸಲೂ ಆಗದು, ಓದಲು ಅಡ್ಡಿಯಿಲ್ಲ. ಮನೆಗೆ ತಂದ ಕಾರ್ಡನ್ನು ರೀಡರಿಗೆ ಹಾಕುವ ಮೊದಲು ಈ ಗುಂಡಿ ಕೆಳಕ್ಕೆ ಸರಿಸುವುದು ಒಳ್ಳೆಯ ಅಭ್ಯಾಸ. ಕ್ಯಾಮೆರಾಕ್ಕೆ ಮರಳಿಸುವಾಗ ಮೇಲಕ್ಕೆ ತರಲು ಮರೆತರೆ ಕಾರ್ಡ್ ಲಾಕ್ ಆಗಿದೆಯೆಂಬ ಸೂಚನೆ ಬರುತ್ತದೆ, ಕೆಟ್ಟಿದೆಯೆಂದು ಎಸೆಯಬೇಕಾಗಿಲ್ಲ.

ನಿಸ್ತಂತು ಮಾರ್ಗ: ವೈಫೈ ಮತ್ತು ಬ್ಲೂಟೂತ್ ಇರುವ ಕ್ಯಾಮೆರಾಗಳು ಮೊದಲು ಫೋನಿಗೆ ಚಿತ್ರ ಕಳಿಸುತ್ತವೆ. ಕೆಲವು ಆ್ಯಪ್‌ಗಳು ಮೂಲ ಚಿತ್ರದ ಬದಲು ಕಿರಿದುಗೊಳಿಸಿದ ಪ್ರತಿಯನ್ನೇ ಕಳಿಸುವುದರಿಂದ, ಫೋನಿಗೆ ಬಂದದ್ದೇ ಮೂಲವೆಂದು ನಂಬಿ ಕಾರ್ಡ್ ಅಳಿಸಬಾರದು.

ವೇಗ

ಆಟದ ಒಂದು ರಾತ್ರಿಯ 400 ಚಿತ್ರ, ಒಂದೊಂದು 6 ಎಂಬಿ, ಒಟ್ಟು 2.4 ಜಿಬಿ ಎಂದಿಟ್ಟುಕೊಂಡರೆ, ಹೇಳಿಕೆಯ ವೇಗ ಪೂರ್ತಿ ದಕ್ಕದು ಎಂಬುದನ್ನೂ ಸೇರಿಸಿ ಲೆಕ್ಕ ಹೀಗಾಗುತ್ತದೆ. ಸೆಕೆಂಡಿಗೆ 115 ಕಿಲೋಬಿಟ್ ಸಾಗಿಸುವ ಹಳೆಯ ಸೀರಿಯಲ್ ಕೇಬಲಿಗೆ ಸುಮಾರು ಎರಡೂವರೆ ದಿನ ಬೇಕು. 12 ಮೆಗಾಬಿಟ್‌ನ ಯುಎಸ್‌ಬಿ 1.1ಕ್ಕೆ ಮುಕ್ಕಾಲು ಗಂಟೆಗೆ ಹತ್ತಿರ. 2000ದಲ್ಲಿ ಬಂದ ಯುಎಸ್‌ಬಿ 2.0ರ ಹೇಳಿಕೆಯ ವೇಗ 480 ಮೆಗಾಬಿಟ್. ವಾಸ್ತವದಲ್ಲಿ ಸೆಕೆಂಡಿಗೆ 30 ಎಂಬಿ ದಕ್ಕಿದರೆ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. 2008ರ ಯುಎಸ್‌ಬಿ 3.0 ರೀಡರ್ ಮತ್ತು ವೇಗದ ಕಾರ್ಡ್ ಇದ್ದರೆ ಅರ್ಧ ನಿಮಿಷ. ಕಾರ್ಡ್, ರೀಡರ್, ಕಂಪ್ಯೂಟರಿನ ಸಾಕೆಟ್ ಮೂರರಲ್ಲಿ ಯಾವುದು ನಿಧಾನವೋ ಒಟ್ಟು ವೇಗ ಅದರದೇ. ಕಾರ್ಡಿನ ಮೇಲಿನ ‘ಕ್ಲಾಸ್ 10’ ಎಂಬ ಗುರುತು ಬರೆಯುವ ಕನಿಷ್ಠ ವೇಗ ಸೆಕೆಂಡಿಗೆ 10 ಎಂಬಿ ಎಂದು ಹೇಳುತ್ತದೆ. ಓದುವ ವೇಗ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು.

ಸರಿಯಾದ ಕ್ರಮ

ಕಂಪ್ಯೂಟರಿನಲ್ಲಿ ಮೊದಲು ದಿನಾಂಕ ಮತ್ತು ಸಂದರ್ಭದ ಹೆಸರಿನ ಹೊಸ ಫೋಲ್ಡರ್ ತೆರೆಯಬೇಕು. ಕಾರ್ಡಿನಲ್ಲಿರುವ ಎಲ್ಲ ಚಿತ್ರಗಳನ್ನು ಆಯ್ದು ‘ಕಾಪಿ’ ಮಾಡಬೇಕು, ‘ಕಟ್’ ಮಾಡಬಾರದು. ಈ ಎರಡರ ವ್ಯತ್ಯಾಸ ಸಣ್ಣದಲ್ಲ. ಕಾಪಿ ಮಾಡುವಾಗ ಕಂಪ್ಯೂಟರ್ ಕಾರ್ಡನ್ನು ಓದುತ್ತದೆ ಅಷ್ಟೇ. ಕಟ್ ಮಾಡಿದಾಗ ಒಂದೊಂದು ಕಡತ ದಾಟಿದಂತೆ ಕಾರ್ಡಿನಿಂದ ಅಳಿಸುತ್ತಲೂ ಹೋಗುತ್ತದೆ. ನಡುವೆ ಕರೆಂಟ್ ಹೋದರೆ ಕಾಪಿಯಲ್ಲಿ ಕಾರ್ಡ್ ಮೊದಲಿದ್ದಂತೆಯೇ ಇರುತ್ತದೆ. ಕಟ್‌ನಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ, ಕಾರ್ಡಿನ ಕಡತಪಟ್ಟಿಯೂ ಕೆಡುವ ಅಪಾಯ.

ನಕಲು ಮುಗಿದ ಮೇಲೆ ಎರಡೂ ಫೋಲ್ಡರುಗಳ ‘ಪ್ರಾಪರ್ಟೀಸ್’ ತೆರೆದು ಕಡತಗಳ ಸಂಖ್ಯೆಯೂ ಒಟ್ಟು ಗಾತ್ರವೂ ತಾಳೆಯಾಗುತ್ತವೆಯೇ ನೋಡಬೇಕು. ಮೊದಲಿನ, ನಡುವಿನ, ಕೊನೆಯ ಕೆಲವು ಚಿತ್ರಗಳನ್ನು ಪೂರ್ಣ ಗಾತ್ರದಲ್ಲಿ ತೆರೆದು ನೋಡಬೇಕು. ಪಟ್ಟಿಯಲ್ಲಿ ಕಾಣುವ ಕಿರುಚಿತ್ರ ಚೆನ್ನಾಗಿದ್ದರೂ ಒಳಗಿನ ಚಿತ್ರದ ಕೆಳಭಾಗ ಬೂದು ಪಟ್ಟೆಯಾಗಿರಬಹುದು. ಎರಡನೇ ಪ್ರತಿ ಬೇರೊಂದು ಡಿಸ್ಕಿಗೆ ಹೋದ ಮೇಲೆಯೇ ಕಾರ್ಡ್ ಅಳಿಸುವ ಮಾತು. ಅದನ್ನೂ ಕಂಪ್ಯೂಟರಿನಲ್ಲಿ ಮಾಡದೆ ಕ್ಯಾಮೆರಾದ ‘ಫಾರ್ಮ್ಯಾಟ್’ ಆಯ್ಕೆಯಿಂದ ಮಾಡಿದರೆ, ಆ ಕ್ಯಾಮೆರಾಕ್ಕೆ ಒಗ್ಗುವ ರೀತಿಯಲ್ಲಿ ಕಾರ್ಡ್ ಸಿದ್ಧವಾಗುತ್ತದೆ.

ಗಡಿಯಾರದ ತೊಡಕು

ಚಿತ್ರಗಳನ್ನು ತೆಗೆದ ಹೊತ್ತಿನ ಪ್ರಕಾರ ಜೋಡಿಸುವ ಸೌಲಭ್ಯ ಎಲ್ಲ ತಂತ್ರಾಂಶಗಳಲ್ಲಿದೆ. ಆದರೆ ಅದು ನಂಬುವುದು ಕ್ಯಾಮೆರಾದ ಗಡಿಯಾರವನ್ನು. ದುಬೈಯ ಸಮಯ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ, ಸೌದಿಯದು ಎರಡೂವರೆ ಗಂಟೆ ಹಿಂದೆ. ರಜೆಗೆ ಬಂದವರು ಗಡಿಯಾರ ತಿದ್ದದೆ ಭಟ್ಕಳದ ಮದುವೆಯಲ್ಲಿ ಚಿತ್ರ ತೆಗೆದು, ಊರಿನವರ ಕ್ಯಾಮೆರಾದ ಚಿತ್ರಗಳ ಜೊತೆ ಒಂದೇ ಫೋಲ್ಡರಿಗೆ ಹಾಕಿದರೆ, ಊಟದ ಪಂಕ್ತಿಯ ಚಿತ್ರಗಳ ನಡುವೆ ಒಂದೂವರೆ ಗಂಟೆ ಆಮೇಲೆ ಹೊರಟ ದಿಬ್ಬಣ ಬಂದು ಕೂರುತ್ತದೆ. ಎಕ್ಸಿಫ್ ಮಾಹಿತಿಯಲ್ಲಿ ಸಮಯವಲಯವನ್ನು ದಾಖಲಿಸುವ ಏರ್ಪಾಡು ಸೇರಿದ್ದೇ 2016ರಲ್ಲಿ. ಅದಕ್ಕಿಂತ ಹಳೆಯ ಕ್ಯಾಮೆರಾಗಳ ಚಿತ್ರದಲ್ಲಿ ಆ ಹೊತ್ತು ಯಾವ ದೇಶದ್ದೆಂದು ತಿಳಿಯುವ ದಾರಿಯಿಲ್ಲ. ಎಕ್ಸಿಫ್‌ಟೂಲ್, ಡಿಜಿಕ್ಯಾಮ್ ಮೊದಲಾದ ಉಚಿತ ತಂತ್ರಾಂಶಗಳಲ್ಲಿ ಒಂದು ಕ್ಯಾಮೆರಾದ ಚಿತ್ರಗಳಿಗೆಲ್ಲ ಒಟ್ಟಿಗೆ 1 ಗಂಟೆ 30 ನಿಮಿಷ ಕೂಡಿಸಿ ಇದನ್ನು ಸರಿಪಡಿಸಬಹುದು. ಎರಡು ಕ್ಯಾಮೆರಾದ ಚಿತ್ರಗಳನ್ನು ಬೆರೆಸುವ ಮೊದಲೇ ಇದನ್ನು ಮಾಡಬೇಕು.

ಯಕ್ಷಗಾನದ ಚಿತ್ರಗಳಲ್ಲಿ ತೊಡಕು ಬೇರೆ ಬಗೆಯದು. ರಾತ್ರಿ ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ನಡೆಯುವ ಆಟ ಜನರ ಲೆಕ್ಕದಲ್ಲಿ ಒಂದೇ ರಾತ್ರಿಯದು. ಕ್ಯಾಮೆರಾದ ಲೆಕ್ಕದಲ್ಲಿ ಎರಡು ದಿನದ್ದು. ದಿನಾಂಕಕ್ಕೊಂದು ಫೋಲ್ಡರ್ ಮಾಡುವ ತಂತ್ರಾಂಶ ನಡುರಾತ್ರಿ 12 ಗಂಟೆಗೆ ಪ್ರಸಂಗವನ್ನು ಇಬ್ಭಾಗ ಮಾಡುತ್ತದೆ: ಒಡ್ಡೋಲಗ ಒಂದು ಫೋಲ್ಡರಿನಲ್ಲಿ, ಯುದ್ಧ ಇನ್ನೊಂದರಲ್ಲಿ. ಇಂಥ ಚಿತ್ರಗಳನ್ನು ಕೈಯಾರೆ ಒಂದೇ ಫೋಲ್ಡರಿಗೆ ಹಾಕಿ, ಆಟ ಆರಂಭವಾದ ದಿನದ ಹೆಸರು ಕೊಡುವುದು ಸರಿ.

ಬ್ಯಾಟರಿ ತೆಗೆದು ಬಹುಕಾಲ ಇಟ್ಟ ಕ್ಯಾಮೆರಾದ ಗಡಿಯಾರ ತನ್ನ ಆರಂಭದ ದಿನಾಂಕಕ್ಕೆ ಮರಳುತ್ತದೆ. ಅನೇಕ ಮನೆಗಳ ಸಂಗ್ರಹದಲ್ಲಿ ಯಾವುದೋ ವರ್ಷದ ಜನವರಿ 1ರಂದು ತೆಗೆದಂತೆ ಕಾಣುವ ಚಿತ್ರಗಳು ಗುಡ್ಡೆ ಬಿದ್ದಿರುವುದಕ್ಕೆ ಇದು ಕಾರಣ.

ಹೆಸರಿಡುವುದು ಮತ್ತು ಕನ್ನಡ ಲಿಪಿ

ಫೋಲ್ಡರಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಅನುಕ್ರಮ ಇದ್ದರೆ ಕಂಪ್ಯೂಟರಿನ ಅಕಾರಾದಿ ಜೋಡಣೆಯೇ ಕಾಲಾನುಕ್ರಮವೂ ಆಗುತ್ತದೆ: ‘2024-03-08 ಗೋಕರ್ಣ ಶಿವರಾತ್ರಿ’. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ ಎಲ್ಲ ವರ್ಷಗಳ 8ನೇ ತಾರೀಖುಗಳು ಒಂದೆಡೆ ಸೇರಿ ಗೋಜಲಾಗುತ್ತದೆ.

ಕನ್ನಡದಲ್ಲಿ ಹೆಸರಿಡಲು ಈಗ ಅಡ್ಡಿಯಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ‘ತುಂಗಾ’ ಅಕ್ಷರಶೈಲಿಯೊಡನೆ ಯುನಿಕೋಡ್ ಕನ್ನಡದ ಬೆಂಬಲವಿದೆ. ಅದಕ್ಕೂ ಮೊದಲು, ಮತ್ತು ಆಮೇಲೂ ಬಹಳ ಕಾಲ, ನುಡಿ ಮತ್ತು ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಟೈಪಿಸಿದ ಹೆಸರು ಕಡತಪಟ್ಟಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು. ಅಂಥ ಹಳೆಯ ಫೋಲ್ಡರುಗಳು ಸಿಕ್ಕಿದರೆ ಹೆಸರು ನೋಡಿ ಕಸವೆಂದು ಅಳಿಸದೆ ಒಳಗೆ ಇಣುಕಿ, ಯುನಿಕೋಡಿನಲ್ಲಿ ಮರುಹೆಸರಿಸಬೇಕು. ಕಾರ್ಡಿನಲ್ಲಿರುವ ಕಡತಗಳ ಹೆಸರನ್ನು ಮಾತ್ರ ಕಾರ್ಡಿನಲ್ಲೇ ಬದಲಿಸಬಾರದು. ಡಿಸಿಎಫ್ ಕ್ರಮ ತಪ್ಪಿದರೆ ಕ್ಯಾಮೆರಾ ಅವನ್ನು ತೋರಿಸದೆ ಹೋಗಬಹುದು.

ಮಳೆ, ಉಪ್ಪುಗಾಳಿ, ವಿದ್ಯುತ್ತು

ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ, ಸಿಡಿ ಡಿವಿಡಿಗಳ ಮೇಲೆ ಕಲೆ ಏಳುತ್ತದೆ. ಉಪ್ಪುಗಾಳಿಗೆ ಯುಎಸ್‌ಬಿ ಸಾಕೆಟ್ಟಿನ ಲೋಹ ಮಂಕಾಗುತ್ತದೆ. ಕೇಬಲ್ ಸಿಕ್ಕಿಸಿದರೂ ಕ್ಯಾಮೆರಾ ಕಾಣಿಸದಿರುವುದು ಅಥವಾ ನಡುವೆ ಸಂಪರ್ಕ ಕಡಿಯುವುದು ಇದರ ಲಕ್ಷಣ. ಕ್ಯಾಮೆರಾ, ಕಾರ್ಡು, ಡಿಸ್ಕುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು, ಪೊಟ್ಟಣದ ಹೀರುವ ಗುಣ ಮುಗಿದಾಗ ಬದಲಿಸುವುದು ಇದಕ್ಕೆ ಪರಿಹಾರ.

ನೇತ್ರಾಣಿಯ ಸುತ್ತ ಮಳೆಗಾಲ ಬಿಟ್ಟು ನಡೆಯುವ ಸ್ಕೂಬಾ ಡೈವಿಂಗ್‌ನಲ್ಲಿ ಬಳಸುವ ಆ್ಯಕ್ಷನ್ ಕ್ಯಾಮೆರಾಗಳ ಕಾರ್ಡು ಮೈಕ್ರೊ ಎಸ್‌ಡಿ. ದಡಕ್ಕೆ ಬಂದ ಕೂಡಲೇ ಕ್ಯಾಮೆರಾದ ಮುಚ್ಚಳ ತೆರೆಯಬಾರದು. ಮೊದಲು ಸಿಹಿನೀರಿನಲ್ಲಿ ಮುಳುಗಿಸಿ ಉಪ್ಪು ಬಿಡಿಸಿ, ಪೂರ್ತಿ ಒರೆಸಿ ಒಣಗಿಸಿದ ಮೇಲೆಯೇ ಕಾರ್ಡ್ ತೆಗೆಯಬೇಕು. ಮುಚ್ಚಳದ ಅಂಚಿನಲ್ಲಿ ನಿಂತ ಒಂದು ಹನಿ ಉಪ್ಪುನೀರು ಕಾರ್ಡಿನ ಸಂಪರ್ಕಬಿಂದುಗಳಿಗೆ ತಾಗಿದರೂ ಸಾಕು, ಕೆಡಲು.

ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ದಿನಗಳಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರಿಗಿಂತ ಸ್ವಂತ ಬ್ಯಾಟರಿಯಿರುವ ಲ್ಯಾಪ್‌ಟಾಪಿನಲ್ಲಿ ವರ್ಗಾವಣೆ ಮಾಡುವುದು ಕ್ಷೇಮ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು. ಕೊಲ್ಲಿಯಿಂದ ಬಂದ ಚಾರ್ಜರಿನ ಚಪ್ಪಟೆ ಮೂರು ಕಡ್ಡಿಯ ಪ್ಲಗ್ ನಮ್ಮ ಗುಂಡು ರಂಧ್ರದ ಸಾಕೆಟ್ಟಿಗೆ ಹೊಂದುವುದಿಲ್ಲ. ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಳ್ಳೆಯ ಅಡಾಪ್ಟರ್ ಇದ್ದರೆ ಸಾಕು.

ನಷ್ಟ ಮತ್ತು ಮರುಗಳಿಕೆ

ಮನೆಗಳಲ್ಲಿ ಚಿತ್ರ ಕಳೆದುಕೊಳ್ಳುವ ಒಂದು ಸಾಮಾನ್ಯ ದಾರಿ ಹೊಸ ಕಾರ್ಡು ಮತ್ತು ಹಳೆಯ ಕಂಪ್ಯೂಟರಿನ ಹೊಂದಾಣಿಕೆಯ ಕೊರತೆ. 2006ರ ಎಸ್‌ಡಿಎಚ್‌ಸಿ ಕಾರ್ಡುಗಳು 32 ಜಿಬಿವರೆಗಿನವು. ಅವನ್ನು ಅದಕ್ಕಿಂತ ಹಳೆಯ ರೀಡರುಗಳು ಗುರುತಿಸುವುದಿಲ್ಲ. 2009ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಯವು. ಪರಿಷ್ಕರಣೆಯಿಲ್ಲದ ವಿಂಡೋಸ್ ಎಕ್ಸ್‌ಪಿಗೆ ಅದು ಅರ್ಥವಾಗದು. ಚಿತ್ರ ತುಂಬಿದ 64 ಜಿಬಿ ಕಾರ್ಡನ್ನು ಹಾಕಿದರೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ಕಂಪ್ಯೂಟರ್ ಕೇಳುತ್ತದೆ. ಬೇಡ ಎಂದು ಹೇಳಿ, ಬೇರೆ ಕಂಪ್ಯೂಟರಿನಲ್ಲೋ ಅದೇ ಕ್ಯಾಮೆರಾದಲ್ಲೋ ನೋಡಬೇಕು.

ಅಳಿಸಿದ ಚಿತ್ರ ಆ ಕ್ಷಣಕ್ಕೇ ಮಾಯವಾಗುವುದಿಲ್ಲ. ಪುಸ್ತಕದ ವಿಷಯಸೂಚಿಯಲ್ಲಿ ಒಂದು ಸಾಲು ಹೊಡೆದುಹಾಕಿದರೂ ಒಳಪುಟ ಉಳಿದಿರುವಂತೆ, ಕಾರ್ಡುಗಳು ಬಳಸುವ ಫ್ಯಾಟ್ ಕಡತ ವ್ಯವಸ್ಥೆಯಲ್ಲಿ ಕಡತದ ಹೆಸರಿನ ಮೊದಲ ಅಕ್ಷರಕ್ಕೆ ಅಳಿದಿದೆಯೆಂಬ ಗುರುತು ಬೀಳುತ್ತದೆ, ಜಾಗ ಖಾಲಿಯೆಂದು ದಾಖಲಾಗುತ್ತದೆ, ಅಷ್ಟೇ. ಆ ಜಾಗದ ಮೇಲೆ ಹೊಸ ಚಿತ್ರ ಬರೆಯುವವರೆಗೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಹಳೆಯದನ್ನು ಹೊರತೆಗೆಯಬಹುದು. ಹಾಗಾಗಿ ತಪ್ಪಿ ಅಳಿಸಿದ್ದು ತಿಳಿದ ಕೂಡಲೇ ಕ್ಯಾಮೆರಾ ಬಳಕೆ ನಿಲ್ಲಿಸಿ, ಕಾರ್ಡಿನ ಜಾರುಗುಂಡಿ ಕೆಳಗೆ ಮಾಡಿ, ರೀಡರಿನ ಮೂಲಕ ಪ್ರಯತ್ನಿಸಬೇಕು. ಮರಳಿ ಸಿಕ್ಕ ಚಿತ್ರಗಳನ್ನು ಅದೇ ಕಾರ್ಡಿಗೆ ಬರೆಯಬಾರದು.

2000ದ ದಶಕದಲ್ಲಿ ಪೆನ್‌ಡ್ರೈವ್ ಮತ್ತು ಕಾರ್ಡುಗಳ ಮೂಲಕ ‘ಆಟೊರನ್’ ವೈರಸ್ಸುಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿದವು. 2009ರ ವಿಂಡೋಸ್ 7 ಯುಎಸ್‌ಬಿ ಡ್ರೈವುಗಳಿಗೆ ಈ ಸೌಲಭ್ಯವನ್ನು ಮುಚ್ಚಿತು. 2011ರಲ್ಲಿ ಎಕ್ಸ್‌ಪಿಗೂ ಆ ಪರಿಷ್ಕರಣೆ ಬಂತು. ಚಿತ್ರಗಳ ಫೋಲ್ಡರುಗಳು ಮಾಯವಾಗಿ ಶಾರ್ಟ್‌ಕಟ್‌ಗಳು ಮಾತ್ರ ಉಳಿದಿದ್ದರೆ ಸಾಮಾನ್ಯವಾಗಿ ಮೂಲ ಕಡತಗಳು ಅಡಗಿಸಿದ ಸ್ಥಿತಿಯಲ್ಲಿ ಅಲ್ಲೇ ಇರುತ್ತವೆ.

ಎರಡನೇ ಪ್ರತಿ ಮತ್ತು ದೂರದ ಮನೆ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ‘3-2-1’ ಸೂತ್ರದ ಪ್ರಕಾರ ಪ್ರತಿ ಚಿತ್ರಕ್ಕೂ ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಮಾಧ್ಯಮದಲ್ಲಿರಬೇಕು, ಒಂದಾದರೂ ಬೇರೆ ಕಟ್ಟಡದಲ್ಲಿರಬೇಕು. 700 ಎಂಬಿಯ ಸಿಡಿ, 4.7 ಜಿಬಿಯ ಡಿವಿಡಿಗಳ ಕಾಲದಲ್ಲಿ ಇದು ಶ್ರಮದ ಕೆಲಸವಾಗಿತ್ತು. ಹೊರಗಿನ ಹಾರ್ಡ್ ಡಿಸ್ಕ್ ಮತ್ತು ಕ್ಲೌಡ್ ಸಂಗ್ರಹ ಬಂದ ಮೇಲೆ ಸುಲಭವಾಯಿತು. ಮನೆಯೊಂದು ಊರಿನಲ್ಲಿ, ದುಡಿಮೆ ಇನ್ನೊಂದು ದೇಶದಲ್ಲಿ ಇರುವ ಕುಟುಂಬಗಳಿಗೆ ಮೂರನೇ ಷರತ್ತು ತಾನಾಗಿಯೇ ಒದಗಿಬಂದಿದೆ: ರಜೆ ಮುಗಿಸಿ ಹೊರಡುವವರ ಕೈಯಲ್ಲಿ ಒಂದು ಡಿಸ್ಕ್ ಕಳಿಸಿದರೆ ಬೇರೆ ಕಟ್ಟಡವೇನು, ಬೇರೆ ಖಂಡದಲ್ಲಿ ಅಲ್ಲದಿದ್ದರೂ ಕಡಲಾಚೆ ಒಂದು ಪ್ರತಿ ಇದ್ದಂತಾಯಿತು.

ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಇದೇ ಫಲ ಸಿಗುವುದಿಲ್ಲ. ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರವನ್ನು ಅದು ಕುಗ್ಗಿಸುತ್ತದೆ, ತೆಗೆದ ಹೊತ್ತಿನ ಮಾಹಿತಿಯನ್ನೂ ಬಿಟ್ಟುಬಿಡುತ್ತದೆ. ಮೂಲವೇ ಹೋಗಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು.

ಖಾಸಗಿತನ

ಪ್ರಿಂಟಿಗೋ ನಕಲಿಗೋ ಇಡೀ ಕಾರ್ಡನ್ನು ಅಂಗಡಿಯಲ್ಲಿ ಬಿಟ್ಟು ಬರುವುದೆಂದರೆ ಅದರಲ್ಲಿರುವ ಎಲ್ಲ ಚಿತ್ರಗಳನ್ನು, ಅಳಿಸಿದ್ದರೂ ಮರಳಿ ತೆಗೆಯಬಹುದಾದವನ್ನೂ ಸೇರಿಸಿ, ಇನ್ನೊಬ್ಬರ ಕೈಗೆ ಒಪ್ಪಿಸಿದಂತೆ. ಮನೆಯ ಹೆಂಗಸರ, ಮಕ್ಕಳ ಚಿತ್ರಗಳ ಬಗ್ಗೆ ಎಚ್ಚರ ವಹಿಸುವ ಕುಟುಂಬಗಳು ಮನೆಯಲ್ಲೇ ವರ್ಗಾವಣೆ ಮಾಡಿ, ಬೇಕಾದಷ್ಟನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ ಕೊಡುತ್ತವೆ. ಜಿಪಿಎಸ್ ಇರುವ ಕ್ಯಾಮೆರಾ ಅಥವಾ ಫೋನಿನ ಚಿತ್ರದಲ್ಲಿ ಮನೆಯ ಅಕ್ಷಾಂಶ, ರೇಖಾಂಶವೂ ಇರಬಹುದು. ಅಂತರ್ಜಾಲಕ್ಕೆ ಹಾಕುವ ಮೊದಲು ಅದನ್ನು ತೆಗೆಯುವುದು ಒಳಿತು.

ಇಂದಿನ ಸ್ಥಿತಿ

ಜಪಾನಿನ ಕ್ಯಾಮೆರಾ ಉದ್ಯಮ ಸಂಘಟನೆಯ ಲೆಕ್ಕದಂತೆ 2010ರಲ್ಲಿ ಜಗತ್ತಿನ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷಕ್ಕಿಂತ ಕಡಿಮೆ. ಮನೆಬಳಕೆಯ ಸಣ್ಣ ಕ್ಯಾಮೆರಾಗಳ ಜಾಗವನ್ನು ಫೋನು ತೆಗೆದುಕೊಂಡಿದೆ. ಸ್ಟುಡಿಯೊದವರು, ಪಕ್ಷಿವೀಕ್ಷಕರು, ರಂಗದ ಚಿತ್ರ ತೆಗೆಯುವವರು ಕ್ಯಾಮೆರಾ ಬಿಟ್ಟಿಲ್ಲ. 2024ರ ಕೊನೆಯಿಂದ ಐರೋಪ್ಯ ಒಕ್ಕೂಟ ಕ್ಯಾಮೆರಾಗಳಿಗೂ ಯುಎಸ್‌ಬಿ-ಸಿ ಸಾಕೆಟ್ ಕಡ್ಡಾಯ ಮಾಡಿರುವುದರಿಂದ ಕಂಪನಿಗೊಂದು ಕೇಬಲಿನ ಕಾಟ ಮುಗಿಯುತ್ತ ಬಂದಿದೆ.

ಉಳಿದಿರುವ ದೊಡ್ಡ ಕೆಲಸ ಹಿಂದಿನದು. 2000ದ ದಶಕದ ಕ್ಯಾಮೆರಾಗಳ ಜೊತೆ ಕಪಾಟಿನಲ್ಲಿ ಉಳಿದ ಎಕ್ಸ್‌ಡಿ ಕಾರ್ಡು, ಮೆಮೊರಿ ಸ್ಟಿಕ್ಕುಗಳನ್ನು ಓದುವ ರೀಡರುಗಳು ಅಂಗಡಿಗಳಲ್ಲಿ ವಿರಳವಾಗಿವೆ. ಫ್ಲ್ಯಾಶ್ ಮೆಮೊರಿ ಚಿತ್ರವನ್ನು ವಿದ್ಯುದಾವೇಶವಾಗಿ ಹಿಡಿದಿಡುವುದರಿಂದ, ಬಳಕೆಯಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಕಾರ್ಡಿನಲ್ಲಿ ಅದು ನಿಧಾನವಾಗಿ ಸೋರುತ್ತದೆ. ಸೆಖೆ ಈ ಸೋರಿಕೆಯನ್ನು ಹೆಚ್ಚಿಸುತ್ತದೆ. ಸಿಡಿ, ಡಿವಿಡಿ ಓದುವ ಡ್ರೈವುಗಳು ಹೊಸ ಲ್ಯಾಪ್‌ಟಾಪುಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಹೀಗಾಗಿ ಹಳೆಯ ಕಾರ್ಡು ಮತ್ತು ಮದುವೆಯ ಸಿಡಿಗಳನ್ನು ಓದುವ ಯಂತ್ರ ಊರಿನಲ್ಲಿ ಯಾರ ಬಳಿಯಾದರೂ ಇರುವಾಗಲೇ ಎರಡು ಡಿಸ್ಕಿಗೆ ನಕಲಿಸಿಕೊಳ್ಳುವುದು, ಹೊಸ ಚಿತ್ರಗಳನ್ನು ಇಳಿಸುವುದಕ್ಕಿಂತ ಹೆಚ್ಚು ತುರ್ತಿನ ಕೆಲಸ.